ಮಾಸ್ಟ್ರ ಮೊಮ್ಮಗಳು ಕಲಿಸಿದ ಹೆಸರು

ನಿಶ್ಮಿತಾಳ ಮುತ್ತಜ್ಜಿ ಕಿನ್ನಿ ಸೂಲಗಿತ್ತಿಯಾಗಿದ್ದಳು. ಶಿರಿಯ ಹೊಳೆಯ ಎರಡೂ ದಡದಲ್ಲಿ ಅವಳ ಅಂಗೈಗೆ ಬಿದ್ದು ಭೂಮಿ ಕಂಡವರು ಇಂದಿಗೂ ನಡೆದಾಡುತ್ತಿದ್ದಾರೆ. ಒಂದು ಮಳೆಗಾಲದಲ್ಲಿ ಹೊಳೆ ಉಕ್ಕಿ ದೋಣಿಯವರೆಲ್ಲ ಹುಟ್ಟು ಕೆಳಗಿಟ್ಟು ಕೂತಿದ್ದಾಗ, ಬಾಳೆದಿಂಡು ಕಟ್ಟಿದ ತೆಪ್ಪದ ಮೇಲೆ ಒದ್ದೆ ಸೀರೆಯಲ್ಲೇ ದಾಟಿಹೋಗಿ ಕಡಲ ಬದಿಯ ಹೆಂಗಸೊಬ್ಬಳ ಅವಳಿ ಮಕ್ಕಳನ್ನು ಉಳಿಸಿಕೊಟ್ಟವಳು ಅವಳು. ಅವಳ ಮಗ ಮಹಾಲಿಂಗ ಮಾಸ್ಟ್ರು. ಊರಿನ ಕನ್ನಡ ಶಾಲೆಯಲ್ಲಿ ತಂದೆಗೂ ಮಗನಿಗೂ ಅದೇ ಬೆಂಚಿನ ಮೇಲೆ ಮಗ್ಗಿ ಕಲಿಸಿದವರು. ಅವರ ಪಾಠದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಉತ್ತರವನ್ನು ಅವರು ಸತ್ತರೂ ಹೇಳಿಕೊಡುತ್ತಿರಲಿಲ್ಲ. "ತಪ್ಪಾದ್ರೆ ತಪ್ಪು ಹೇಳು, ಆದ್ರೆ ಬಾಯಿಬಿಟ್ಟು ಹೇಳು" ಎಂದು ಮಕ್ಕಳನ್ನು ನಿಲ್ಲಿಸಿಯೇ ಇಡುತ್ತಿದ್ದರು. ಮಗು ತಡಕಾಡಿ, ಎಡವಿ, ಕೊನೆಗೆ ಸರಿ ಉತ್ತರ ಹಿಡಿದಾಗ ಅವರ ಮುಖ ಹಬ್ಬದ ದಿನದ ಅಂಗಳದ ಹಾಗೆ ಬೆಳಗುತ್ತಿತ್ತು. ಅವರ ಮಗ ಗುಣಪಾಲ ಬಹ್ರೈನಿನಲ್ಲಿ ಕ್ರೇನ್ ಓಡಿಸಿ, ಜೊತೆಯವರೆಲ್ಲ ಮಾಳಿಗೆ ಮನೆ ಎಬ್ಬಿಸುವಾಗ ತನ್ನ ಮನೆಯ ಗೋಡೆಗೆ ಗಾರೆಯನ್ನೂ ಹಾಕಿಸದೆ ಮಗಳನ್ನು ಓದಿಸಿದ.

ಆ ಮಗಳು ನಿಶ್ಮಿತಾ. ಅವಳ ಹಿರಿಯರ ಕಥೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಉಂಟು. ಅವಳಿಂದ ಆದ ತಪ್ಪು ಸೋಮಾರಿತನದಿಂದ ಹುಟ್ಟಿದ್ದಲ್ಲ. ಅಜ್ಜನ ಮೇಲಿನ ಹೆಮ್ಮೆಯಿಂದ ಹುಟ್ಟಿದ್ದು.

ಅವಳು ಕೆಲಸ ಮಾಡುವುದು ಉಪ್ಪಳ ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿರುವ ಒಂದು ಪುನಶ್ಚೇತನ ಕೇಂದ್ರದಲ್ಲಿ. ಪಾರ್ಶ್ವವಾಯು ಬಡಿದವರಿಗೆ, ಬಿದ್ದು ಪೆಟ್ಟಾದವರಿಗೆ ಗುಂಡಿ ಹಾಕುವುದು, ತಲೆ ಬಾಚುವುದು, ಲೋಟ ಹಿಡಿಯುವುದು ಇವನ್ನೆಲ್ಲ ಮತ್ತೆ ಕಲಿಸುವ ಕೆಲಸ. ಅದಕ್ಕೆ ಉದ್ದದ ಇಂಗ್ಲಿಷ್ ಹೆಸರು ಉಂಟು, ಊರಿನವರಿಗೆ ಮಾತ್ರ ಅವಳು ಥೆರಪಿ ಟೀಚರ್. ಕೈಕಾಲಿನ ವಿದ್ಯೆ ಕೈವಶವಾದ ಮೇಲೆ ಅವಳಿಗೆ ತಲೆಯ ಒಳಗಿನದರ ಮೇಲೆ ಆಸೆ ಹುಟ್ಟಿತು. ಮಿದುಳಿಗೆ ಪೆಟ್ಟಾದವರ ಮರೆವು, ಗಮನ, ಸಿಟ್ಟು, ತಡವರಿಕೆ ಇವನ್ನು ಮರಳಿ ಹಳಿಗೆ ತರುವ ವಿದ್ಯೆಗೆ ದೊಡ್ಡ ಊರಿನ ಆಸ್ಪತ್ರೆಯೊಂದು ತರಬೇತಿ ಕೊಡುತ್ತಿತ್ತು. ಇದ್ದಲ್ಲೇ ಕೆಲಸ ಮಾಡುತ್ತಾ, ಕಂಪ್ಯೂಟರಿನಲ್ಲಿ ಪಾಠ ಕೇಳುತ್ತಾ, ತಮ್ಮ ತಮ್ಮ ರೋಗಿಗಳ ವಿಷಯವನ್ನು ಅಲ್ಲಿ ಮುಂದಿಟ್ಟು ಕಲಿಯುವ ಕ್ರಮ. ಪಾಠ ಮಾಡುವವರು ಮಹಾಗಣಪತಿ ಡಾಕ್ಟರು. ನಿಶ್ಮಿತಾ ಸೇರಿಕೊಂಡಳು. ಪಾಠ ಇನ್ನೂ ಮೊದಲ ಪುಟಗಳಲ್ಲಿರುವಾಗಲೇ ಅವಳ ಕೈಗೆ ಚೆನ್ನಪ್ಪ ಬಂದ.

ಚೆನ್ನಪ್ಪ ಬಸ್ ಡ್ರೈವರ್. ಉಪ್ಪಳದಿಂದ ಕಾಸರಗೋಡಿಗೆ ಲೈನ್ ಬಸ್ ಓಡಿಸುತ್ತಿದ್ದವನು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಒಂದು ಮಳೆಗಾಲದ ಸಂಜೆ ಮನೆಗೆ ಬರುವಾಗ ಸ್ಕೂಟರ್ ಜಾರಿ ತಲೆ ಕಲ್ಲಿಗೆ ಬಡಿಯಿತು. ಜೀವ ಉಳಿಯಿತು, ಕೈಕಾಲು ಉಳಿಯಿತು, ಹಳೆಯ ನೆನಪೂ ಉಳಿಯಿತು. ಹೊಸತು ಮಾತ್ರ ಒಂದೂ ನಿಲ್ಲದೆ ಹೋಯಿತು. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ಗೊತ್ತಿಲ್ಲ. ಅಪಘಾತಕ್ಕಿಂತ ಹಿಂದಿನ ಕೆಲವು ತಿಂಗಳುಗಳೂ ಅಳಿಸಿಹೋಗಿದ್ದವು. ಆ ತಿಂಗಳುಗಳ ಒಳಗೇ ಅವನ ತಂದೆ ಉಗ್ಗಪ್ಪ ತೀರಿಕೊಂಡಿದ್ದರು. ತಂದೆಯ ಚಿತೆಗೆ ಬೆಂಕಿ ಇಟ್ಟ ಮಗನಿಗೆ ತಂದೆ ಸತ್ತದ್ದೇ ನೆನಪಿಲ್ಲ.

ಕೇಂದ್ರಕ್ಕೆ ಬಂದ ದಿನ ಅವನು ನಿಶ್ಮಿತಾಳನ್ನು ನೋಡಿದವನೇ, "ನೀನು ಮಹಾಲಿಂಗ ಮಾಸ್ಟ್ರ ಪುಳ್ಳಿ ಅಲ್ವಾ? ಮೂಗು ನೋಡುವಾಗ ಗೊತ್ತಾಗ್ತದೆ. ನಿನ್ನಜ್ಜನ ಪೆಟ್ಟು ತಿಂದ ಕಾಲು ಇದು, ನೋಡು!" ಎಂದು ಪ್ಯಾಂಟ್ ಎತ್ತಿ ಮೀನಖಂಡ ತೋರಿಸಿದ. ಮೊಮ್ಮಗಳನ್ನು ನಮ್ಮಲ್ಲಿ ಪುಳ್ಳಿ ಎನ್ನುತ್ತಾರೆ. ನಿಶ್ಮಿತಾಳಿಗೆ ಆ ಮಾತಿನಿಂದ ಮೈ ಉಬ್ಬಿತು.

ಅವನ ಹೆಂಡತಿ ಕಮಲ ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸು. ನಡೆದಾಡುವ ಗಂಡನಿಗೆ ಥೆರಪಿ ಯಾಕೆ ಎಂದು ನೆರೆಯವರು ಕೇಳಿದಾಗಲೆಲ್ಲ ಹಲ್ಲು ಕಚ್ಚಿ ಸುಮ್ಮನಿದ್ದವಳು, ನಿಶ್ಮಿತಾಳ ಮುಂದೆ ತನ್ನ ಸಂಕಟ ಹೇಳಿಕೊಂಡಳು.

"ಆಟಿ ತಿಂಗಳಲ್ಲಿ ಹಿರಿಯರಿಗೆ ಬಡಿಸ್ಲಿಕ್ಕೆ ಉಂಟು ಮಗಳೇ. ಇಷ್ಟು ವರ್ಷ ಮಾವ ಕರೀತಿದ್ರು. ಈಗ ಮಾವನೇ ಎಲೆಗೆ ಬಂದ್ರು. ದೊಡ್ಡ ಮಗ ಇವರು, ಇವರೇ ಕರೀಬೇಕು. ಕರೀಲಿಕ್ಕೆ ಆಗದಿದ್ರೆ ಇವರ ತಮ್ಮ ಸುಧೀರ ಕರೀಲಿ ಅಂತ ಮಾವನ ಅಕ್ಕ, ದೊಡ್ಡತ್ತೆ, ಹೇಳಿ ಆಯ್ತು. ಅವ ಕರೆದ್ರೆ ಮತ್ತೆ ಇವರು ಎಂತಕ್ಕೆ? ಇದ್ದೂ ಇಲ್ಲದ ಹಾಗೆ. ನಾಳೆಯಿಂದ ಮದುವೆ ಮಾತಿಗೂ ಯಾರೂ ಕೇಳುದಿಲ್ಲ, ಸಾವಿನ ಮಾತಿಗೂ ಕೇಳುದಿಲ್ಲ."

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಪದ್ಧತಿ ಈ ಕಡೆಯ ಮನೆಗಳಲ್ಲಿ ಬಿಟ್ಟದ್ದಲ್ಲ. ಒಳಕೋಣೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ, ಕೋಳಿ ಸಾರು, ಕಡುಬು, ಎಳನೀರು, ವೀಳ್ಯ ಎಲ್ಲ ಬಡಿಸುತ್ತಾರೆ. ಮನೆಯ ಹಿರಿಯವನು ಒಂದೊಂದು ಎಲೆಯ ಮುಂದೆ ನಿಂತು ಗತಿಸಿದವರ ಹೆಸರು ಹಿಡಿದು, ಅವರು ಮಾಡಿದ ಒಳ್ಳೆಯ ಕೆಲಸ ಒಂದನ್ನು ಹೇಳಿ, ಬಂದು ಉಣ್ಣಿ ಎಂದು ಕರೆಯಬೇಕು. ಮತ್ತೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಕಾಯುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಸದ್ದು ಮಾಡಿ ಒಳಗೆ ಹೋಗಿ, ಅದೇ ಅನ್ನವನ್ನು ಮನೆಯವರು ಉಣ್ಣುತ್ತಾರೆ. ಚೆನ್ನಪ್ಪನ ಮನೆಯಲ್ಲಿ ಏಳು ಎಲೆ. ಗದ್ದೆಗೆ ನೀರು ತಂದ ದೂಮಜ್ಜ ಮೊದಲನೆಯವರು, ತಂದೆ ಉಗ್ಗಪ್ಪ ಕೊನೆಯವರು.

"ಕಮಲಕ್ಕ, ಚೆನ್ನಪ್ಪಣ್ಣನೇ ಕರೀತಾರೆ. ಅದು ನನ್ನ ಜವಾಬ್ದಾರಿ" ಎಂದು ನಿಶ್ಮಿತಾ ಆ ದಿನ ಮಾತು ಕೊಟ್ಟಳು. ಎದುರು ಇದ್ದದ್ದು ಬರೀ ಏಳು ಹೆಸರು. ಅಜ್ಜ ಇಡೀ ಊರಿಗೆ ಮಗ್ಗಿ ಕಲಿಸಿದ್ದರು.

ಕಲಿಸುವಿಕೆ ಶುರುವಾಯಿತು. ಅವಳ ಕ್ರಮ ಅಜ್ಜನದೇ. ಹೆಸರುಗಳನ್ನು ಒಮ್ಮೆ ಹೇಳಿಕೊಟ್ಟಳು, ಮತ್ತೆ ಕೇಳತೊಡಗಿದಳು.

"ಮೊದಲನೇ ಎಲೆ ಯಾರದ್ದು, ಚೆನ್ನಪ್ಪಣ್ಣ?"

"ದೂಮಜ್ಜ."

"ಎರಡನೆಯದ್ದು?"

"ಅದು... ಎಂತ ಮಾರಾಯ್ತಿ, ನಾಲಿಗೆ ಮೇಲೆ ಉಂಟು."

"ಹೇಳಿಕೊಡುದಿಲ್ಲ. ಯೋಚನೆ ಮಾಡಿ. ತಪ್ಪಾದ್ರೂ ಅಡ್ಡಿಲ್ಲ, ಹೇಳಿ."

"ಥೇಟ್ ನಿನ್ನಜ್ಜನೇ! ಕೈಯಲ್ಲಿ ಬೆತ್ತ ಒಂದು ಕಮ್ಮಿ!" ಎಂದು ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಮೇಲಿನ ಎಲೆಗಳ ಹೆಸರು ಚಿಕ್ಕಂದಿನಿಂದ ತಂದೆಯ ಬಾಯಲ್ಲಿ ಕೇಳಿದ್ದವು. ಎಡವುತ್ತಾ ಎಡವುತ್ತಾ ಅವು ಬಂದವು. ಕಷ್ಟವಾದದ್ದು ಕೊನೆಯದು.

"ಕೊನೆಯ ಎಲೆ? ನಿಮ್ಮ ಮನೆಯಿಂದ ಈಚೆಗೆ ಹೋದವರು ಯಾರು?"

ಚೆನ್ನಪ್ಪ ಹುಬ್ಬು ಗಂಟು ಹಾಕಿ ಲೆಕ್ಕ ಹಾಕಿದ. ಮನೆಯಲ್ಲಿ ಯಾರು ಕಾಣುವುದಿಲ್ಲ? ಕಮಲ ಇದ್ದಾಳೆ. ದೊಡ್ಡತ್ತೆ ಇದ್ದಾಳೆ. ಅಪ್ಪ ಚಾವಡಿಯಲ್ಲೇ ಇರಬೇಕು, ಅವನ ನೆನಪಿನಲ್ಲಿ ಅಪ್ಪ ಇನ್ನೂ ಎಲೆಯಡಿಕೆ ಕುಟ್ಟುತ್ತಾ ಕೂತಿದ್ದರು. ಕಾಣದವನು ಒಬ್ಬನೇ, ಶಾರ್ಜಾದಲ್ಲಿರುವ ತಮ್ಮ.

"ಸುಧೀರ."

ನಿಶ್ಮಿತಾ ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ ಚೆನ್ನಪ್ಪಣ್ಣ! ಸುಧೀರಣ್ಣ ಶಾರ್ಜಾದಲ್ಲಿ ಬಿರಿಯಾನಿ ತಿಂತಾ ಇರ್ಬಹುದು, ಅವರನ್ನು ಎಲ್ಲಿ ಕೂರಿಸಿದ್ರಿ ನೀವು! ಅಲ್ಲ, ಅಲ್ಲ. ಪುನಃ ಯೋಚನೆ ಮಾಡಿ."

ಮರುದಿನವೂ ಕೊನೆಯ ಎಲೆಗೆ ಸುಧೀರನೇ ಬಂದ. ಅದರ ಮರುದಿನವೂ. ಅವಳು ಪ್ರತಿ ಸಲ ಅಲ್ಲ ಅಂದಳು, ಪ್ರತಿ ಸಲ ಅವನು ಪೆಚ್ಚಾಗಿ ತಲೆ ಕೆರೆದು, ಎರಡು ಮೂರು ಸುತ್ತು ಹಾಕಿ, ನಂಬದ ದನಿಯಲ್ಲಿ "ಅಪ್ಪನಾ?" ಎಂದು ಮುಟ್ಟಿದ. ಅವಳಿಗೆ ಅದೇ ಗೆಲುವು. ತಪ್ಪಿ ತಪ್ಪಿ ತಾನೇ ತಿದ್ದಿಕೊಳ್ಳುತ್ತಿದ್ದಾರೆ ಎಂದು ಕಮಲಳ ಹತ್ತಿರ ಹೇಳಿದಳು. ಡಾಕ್ಟರ ಪಾಠದಲ್ಲಿ ತೋರಿಸಬೇಕೆಂದು, ಮನೆಯವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ವಿಡಿಯೋವನ್ನೂ ತೆಗೆದಿಟ್ಟಳು.

ಬಡಿಸುವ ದಿನ ಬಂತು. ಸುಧೀರ ಹೆಂಡತಿ ಪೂಜಾಶ್ರೀಯ ಜೊತೆ ರಜೆಯಲ್ಲಿ ಊರಿಗೆ ಬಂದಿದ್ದ. ನಿಶ್ಮಿತಾಳಿಗೂ ಕರೆ ಇತ್ತು. ಹೊಸ ಚೂಡಿದಾರ ಹಾಕಿ, ಒಳಕೋಣೆಯ ಬಾಗಿಲಿಗೆ ಒರಗಿ, ಮೊಬೈಲ್ ಹಿಡಿದು ನಿಂತಳು. ಚೆನ್ನಪ್ಪ ಬಿಳಿ ಮುಂಡು ಉಟ್ಟು, ಒಂದೊಂದೇ ಎಲೆಯ ಮುಂದೆ ನಿಂತು ಕರೆದ. ದೂಮಜ್ಜ ಬಂದರು. ಒಬ್ಬೊಬ್ಬರಾಗಿ ಆರು ಎಲೆಯವರೂ ಬಂದರು. ಕಮಲಳ ಕಣ್ಣು ತುಂಬಿತು. ದೊಡ್ಡತ್ತೆಯ ಮುಖವೂ ಸಡಿಲವಾಯಿತು. ಸುಧೀರ ಸಾರಿನ ಪಾತ್ರೆ ಹಿಡಿದು ಅಣ್ಣನ ಬೆನ್ನ ಹಿಂದೆಯೇ ನಿಂತಿದ್ದ.

ಕೊನೆಯ ಎಲೆಯ ಮುಂದೆ ಚೆನ್ನಪ್ಪ ಕೈಮುಗಿದ. ಗಂಟಲು ಸರಿಮಾಡಿಕೊಂಡ. ಸ್ಪಷ್ಟವಾಗಿ, ಗಟ್ಟಿಯಾಗಿ ಕರೆದ.

"ತಮ್ಮ ಸುಧೀರ, ದುಡಿದು ಈ ಮನೆಗೆ ಹಂಚು ಹೊದಿಸಿದವನೇ, ಬಾ. ಬಂದು ಉಣ್ಣು."

ಕೇಂದ್ರದಲ್ಲಿ ಅಲ್ಲ ಎನ್ನುವವಳು ಇದ್ದಳು, ಎರಡನೆಯ ಅವಕಾಶ ಇತ್ತು. ಇಲ್ಲಿ ಸತ್ತವರ ಎಲೆಯ ಮುಂದೆ ಹೊರಟ ಮಾತನ್ನು ಹಿಂದಕ್ಕೆ ಕರೆಯುವವರು ಯಾರು? ಸುಧೀರನ ಕೈಯ ಪಾತ್ರೆ ಬಾಗಿ ಸಾರು ನೆಲಕ್ಕೆ ಚೆಲ್ಲಿತು. ದೊಡ್ಡತ್ತೆ ಬಾಯಿಗೆ ಸೆರಗು ಒತ್ತಿ ಕಿರುಚಿದಳು. ಪೂಜಾಶ್ರೀ ಗಂಡನ ರಟ್ಟೆ ಹಿಡಿದು, "ಒಂದು ನಿಮಿಷ ಈ ಮನೆಯಲ್ಲಿ ನಿಲ್ಲಬೇಡಿ" ಎಂದು ಎಳೆದುಕೊಂಡು ಹೊರಟಳು. ಉಣ್ಣದೆ ಹೋದರು. ಚೆನ್ನಪ್ಪ ಕೈಮುಗಿದವನು ಮುಗಿದ ಹಾಗೆಯೇ ನಿಂತು ಎಲ್ಲರ ಮುಖ ನೋಡುತ್ತಿದ್ದ. "ಎಂತ ಆಯ್ತು? ನಾನು ಎಂತ ಮಾಡಿದೆ?"

ಕಮಲ ಗಂಡನನ್ನು ನೋಡಲಿಲ್ಲ. ನಿಶ್ಮಿತಾಳ ಕೈಯನ್ನು ನೋಡಿದಳು. ಮೊಬೈಲ್ ಇನ್ನೂ ವಿಡಿಯೋ ತೆಗೆಯುತ್ತಲೇ ಇತ್ತು.

ಆಮೇಲೆ ಊರಿಗೆ ಬಾಯಿ ಬಂತು. ಚೆನ್ನಪ್ಪನ ತಲೆ ಪೂರ್ತಿ ಕೆಟ್ಟಿದೆ, ಬದುಕಿದ್ದ ತಮ್ಮನನ್ನು ಸತ್ತವರ ಜೊತೆ ಕೂರಿಸಿದ, ಇನ್ನು ಅವನನ್ನು ಒಳಕೋಣೆಗೆ ಬಿಡಬಾರದು ಎಂದು ಮಾತಾಯಿತು. ಸುಧೀರನಿಗೆ ಆ ವಾರ ಶೀತ ಬಂದದ್ದನ್ನೂ ದೊಡ್ಡತ್ತೆ ಇದೇ ಲೆಕ್ಕಕ್ಕೆ ಸೇರಿಸಿದಳು. ಮುಂದಿನ ವರ್ಷದಿಂದ ಕರೆಯುವವನು ಬೇರೆ ಎಂದು ಅವಳೇ ತೀರ್ಮಾನ ಹೇಳಿದಳು. ನಿಶ್ಮಿತಾಳನ್ನು ಯಾರೂ ಬೈಯಲಿಲ್ಲ. ಪಾಪ, ಆ ಹುಡುಗಿ ಎಷ್ಟು ಕಷ್ಟಪಟ್ಟಳು, ಆ ತಲೆಯಲ್ಲಿ ಏನೂ ನಿಲ್ಲದಿದ್ದರೆ ಅವಳು ಏನು ಮಾಡಿಯಾಳು ಎಂದರು. ಅವಳೂ ತಲೆ ತಗ್ಗಿಸಿ ಆ ಮಾತನ್ನು ಕೇಳಿಸಿಕೊಂಡಳು. ಯಾಕೆ ಹಾಗಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಆ ಕನಿಕರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಇನ್ನೊಂದು ಸಂಗತಿ ಅವಳನ್ನು ಹೆಚ್ಚು ಕಾಡಿತು. ಚೆನ್ನಪ್ಪನಿಗೆ ಆ ದಿನದ ಒಂದು ಅಕ್ಷರವೂ ನೆನಪಿರಲಿಲ್ಲ. ಆದರೆ ಬಾಳೆಲೆ ಕಂಡರೆ ಅವನ ಹಣೆ ಬೆವರುತ್ತಿತ್ತು. ಎಲೆ ಹಾಕಿದರೆ ಎದ್ದು ಹೋಗುತ್ತಿದ್ದ, ಸ್ಟೀಲ್ ಬಟ್ಟಲು ಕೊಟ್ಟರೆ ಮಾತ್ರ ಉಣ್ಣುತ್ತಿದ್ದ. ಯಾಕೆಂದು ಕೇಳಿದರೆ ಅವನಿಗೇ ಗೊತ್ತಿಲ್ಲ. ಸಂಗತಿ ಅಳಿಸಿಹೋಗಿ ನಾಚಿಕೆ ಮಾತ್ರ ಉಳಿದಿತ್ತು. ಕೇಂದ್ರಕ್ಕೆ ಬಂದಾಗಲೆಲ್ಲ ಅವನು ದನಿ ತಗ್ಗಿಸಿ ಕೇಳುತ್ತಿದ್ದ, "ಮಾಸ್ಟ್ರ ಪುಳ್ಳೀ, ನಾನು ಏನೋ ದೊಡ್ಡ ತಪ್ಪು ಮಾಡಿದ್ದೇನೆ ಅಲ್ವಾ? ಎಂತದ್ದು ಅದು?"

"ಎಂತ ಇಲ್ಲ ಚೆನ್ನಪ್ಪಣ್ಣ" ಎಂದು ಅವಳು ಬೇರೆ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಶುಕ್ರವಾರ ಡಾಕ್ಟರ ಪಾಠದಲ್ಲಿ ಅವಳ ಸರದಿ ಬಂತು. ರೋಗಿಗೆ ಕಲಿಸುವುದನ್ನು ತೋರಿಸಬೇಕಿತ್ತು. ಬಡಿಸಿದ ದಿನದ ಸುದ್ದಿಯನ್ನು ಅವಳು ಎತ್ತಲಿಲ್ಲ. ಅದಕ್ಕಿಂತ ಹಿಂದಿನ ಅಭ್ಯಾಸದ ವಿಡಿಯೋ ಮಾತ್ರ ಹಾಕಿದಳು. ರೋಗಿಗೆ ಧೈರ್ಯ ತುಂಬಿ ಕಲಿಸುವ ಕ್ರಮ ಚೆನ್ನಾಗಿದೆ ಎಂದು ಡಾಕ್ಟರು ಹೇಳಿಯಾರು ಎಂಬ ಆಸೆ ಎಲ್ಲೋ ಮೂಲೆಯಲ್ಲಿ ಇತ್ತು. ವಿಡಿಯೋದಲ್ಲಿ ಇಬ್ಬರೂ ನಗುತ್ತಿದ್ದರು. ಚೆನ್ನಪ್ಪ ಸುಧೀರ ಅನ್ನುತ್ತಿದ್ದ, ಅವಳು ಅಲ್ಲ ಅನ್ನುತ್ತಿದ್ದಳು.

ಡಾಕ್ಟರು ವಿಡಿಯೋ ನಿಲ್ಲಿಸಿದರು. ಪಾಠ ಕೇಳುತ್ತಿದ್ದ ಎಲ್ಲರಿಗೂ ಒಂದು ಪ್ರಶ್ನೆ ಹಾಕಿದರು. "ಈ ಮನುಷ್ಯನ ಬಾಯಿಂದ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಹೆಸರು ಯಾವುದು?"

ಯಾರೋ ಒಬ್ಬ ವಿಜೇತ್ ಎಂಬವನು, ಅವಳ ಹಾಗೆಯೇ ಕಲಿಯುವವನು, ಮುಗ್ಧವಾಗಿ ಹೇಳಿದ. "ಸುಧೀರ್, ಸರ್."

"ಹಾಗಾದರೆ ಇವರು ಕಲಿತದ್ದು ಯಾವ ಹೆಸರು?"

ನಿಶ್ಮಿತಾಳ ಕಿವಿ ಬಿಸಿಯಾಯಿತು. "ಸರ್, ತಪ್ಪು ಮಾಡಿ ಮಾಡಿಯೇ ಅಲ್ವಾ ಕಲಿಯುದು? ನಾನು ಪ್ರತಿ ಸಲ ತಿದ್ದಿದ್ದೇನೆ."

"ನೀವು ನಾನು ಹಾಗೆ ಕಲಿಯುತ್ತೇವೆ ನಿಶ್ಮಿತಾ. ತಪ್ಪಿದ್ದೂ ನಮಗೆ ನೆನಪಿರುತ್ತದೆ, ತಿದ್ದಿದ್ದೂ ನೆನಪಿರುತ್ತದೆ. ಇವರಿಗೆ ನೀವು ತಿದ್ದಿದ್ದು ಉಳಿಯುವುದಿಲ್ಲ. ಬಾಯಿಂದ ಹೊರಟ ಮಾತು ಮಾತ್ರ ದಾರಿ ಮಾಡಿಕೊಳ್ಳುತ್ತದೆ. ಗದ್ದೆಯಲ್ಲಿ ಪೈರು ತುಳಿದು ಒಬ್ಬನನ್ನು ನಡೆಸಿ, ಆಮೇಲೆ ಇದು ದಾರಿಯಲ್ಲ ಎಂದರೆ ಬಗ್ಗಿದ ಪೈರು ಏಳುತ್ತದೆಯೇ? ಮರುದಿನ ಅವನು ಅಲ್ಲೇ ಕಾಲಿಡುತ್ತಾನೆ. ಮರೆವಿನವರಿಗೆ ಕಲಿಸುವಾಗ ತಪ್ಪುವುದಕ್ಕೆ ಎಡೆಯನ್ನೇ ಕೊಡಬಾರದು. ಊಹೆ ಮಾಡಿಸಬಾರದು. ಅವರು ತಡವರಿಸುವ ಮೊದಲೇ ಸರಿಯಾದದ್ದನ್ನು ನೀವು ಹೇಳಬೇಕು, ಅವರು ನಿಮ್ಮ ಹಿಂದೆ ಹೇಳಬೇಕು. ನಿಧಾನವಾಗಿ ನೀವು ಹಿಂದೆ ಸರಿಯಬೇಕು." ಆಮೇಲೆ ಕೇಳಿದರು. "ಈ ಹೆಸರುಗಳನ್ನು ಅವರು ಎಲ್ಲಾದರೂ ಹೇಳಬೇಕಾಗಿತ್ತಾ?"

"ಇಲ್ಲ ಸರ್. ಅಭ್ಯಾಸಕ್ಕೆ ಅಷ್ಟೇ" ಅಂದಳು ನಿಶ್ಮಿತಾ.

ಕಂಪ್ಯೂಟರ್ ಮುಚ್ಚಿದ ಮೇಲೆ ಅವಳು ಕೂತಲ್ಲೇ ಕೂತಳು. ಕೆಳಗಿನ ಬಟ್ಟೆ ಅಂಗಡಿಯಲ್ಲಿ ಮದುವೆ ಸೀರೆ ಆರಿಸುವವರ ನಗು ಕೇಳುತ್ತಿತ್ತು. ಊರು ಯಾರ ತಲೆ ಕೆಟ್ಟಿದೆ ಎಂದು ಆಡಿಕೊಂಡಿತೋ ಆ ಮನುಷ್ಯ ಅವಳು ಕಲಿಸಿದ್ದನ್ನು ಒಂದು ಕೂದಲಿನಷ್ಟೂ ತಪ್ಪದೆ ಒಪ್ಪಿಸಿದ್ದ. ಒಳ್ಳೆಯ ವಿದ್ಯಾರ್ಥಿ ಅವನು. ಮೋಸವಾದದ್ದು ಕಲಿಸಿದವಳ ಕಡೆಯಿಂದ. ಅದರ ಮೇಲೆ ಈಗ ಡಾಕ್ಟರ ಮುಂದೆ ಸುಳ್ಳೂ ಹೇಳಿ ಆಗಿತ್ತು.

ಕೆಲವು ವಾರ ಅವಳು ಆ ಮನೆಯ ದಾರಿ ತಪ್ಪಿಸಿದಳು. ಸಂತೆಯಲ್ಲಿ ಕಮಲಳನ್ನು ಕಂಡರೆ ಮೀನಿನ ಬುಟ್ಟಿಗಳ ಹಿಂದಕ್ಕೆ ಸರಿದಳು. ಚೆನ್ನಪ್ಪನ ಕೆಲಸವನ್ನು ಜೊತೆಯವಳಾದ ಭವ್ಯಶ್ರೀಗೆ ದಾಟಿಸಿದಳು. ಒಂದು ದಿನ ಅವನು ಭವ್ಯಶ್ರೀಯ ಹತ್ತಿರ ಕೇಳುವುದು ಪರದೆಯ ಈಚೆಗೆ ಕೇಳಿಸಿತು. "ನಾನು ಏನೋ ತಪ್ಪು ಮಾಡಿದ್ದೇನೆ ಅಲ್ವಾ ಮಗಳೇ? ಮಾಸ್ಟ್ರ ಪುಳ್ಳಿ ಅದಕ್ಕೇ ನನ್ನ ಹತ್ರ ಮಾತಾಡುದಿಲ್ಲ ಕಾಣ್ತದೆ." ಅಂದೇ ಸಂಜೆ ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಲಿಯುವವರ ಕೆಲಸವನ್ನು ನೋಡಿಕೊಳ್ಳಬೇಕಾದ ತಾನೂ ಈ ತಪ್ಪಿನಲ್ಲಿ ಪಾಲುದಾರ ಎಂದರು ಅವರು. ಆ ಮಾತಿನಿಂದ ಅವಳ ಭಾರವೇನೂ ಇಳಿಯಲಿಲ್ಲ.

ಮರುದಿನ ಅವಳು ಆ ಮನೆಗೆ ಹೋದಳು. ಕಮಲ ಜಗಲಿಯಲ್ಲಿ ಕೂತು ತೊಡೆಯ ಮೇಲೆ ಬೀಡಿ ಎಲೆಯ ತಟ್ಟೆ ಇಟ್ಟುಕೊಂಡಿದ್ದಳು. ನಿಶ್ಮಿತಾ ಮೆಟ್ಟಿಲಿನಲ್ಲೇ ನಿಂತು, ನೀರು ಕುಡಿಯದೆ, ಎಲ್ಲವನ್ನೂ ಹೇಳಿದಳು. ಕಮಲಳ ಬೆರಳು ಬೀಡಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಮಾತು ಮುಗಿದ ಮೇಲೂ ಒಂದು ಬೀಡಿಗೆ ನೂಲು ಕಟ್ಟಿ, ತಟ್ಟೆಯಲ್ಲಿಟ್ಟು, ಆಮೇಲೆ ಮುಖ ಎತ್ತಿದಳು.

"ಅಂದ್ರೆ ಇವರಿಗೆ ಅದನ್ನು ಹೇಳಿಕೊಟ್ಟದ್ದು ನೀನು."

"ಹೌದು ಕಮಲಕ್ಕ."

"ಊರಿಡೀ ನನ್ನ ಗಂಡನನ್ನು ಮರುಳ ಅಂತ ಹೇಳುವಾಗ ನೀನು ಅಲ್ಲೇ ಇದ್ದಿ."

"ಇದ್ದೆ."

"ಪಾಪ ಆ ಹುಡುಗಿ ಅಂತ ನಿನಗೆ ಹೇಳುವಾಗಲೂ ಇದ್ದಿ. ಚೆಂದ ಕಂಡಿತಾ ಕೇಳ್ಲಿಕ್ಕೆ?"

ಕಮಲ ಚಾ ಕೊಡಲಿಲ್ಲ, ಕೂರು ಎನ್ನಲಿಲ್ಲ. ಒಳಗಿನಿಂದ ಚೆನ್ನಪ್ಪ ಬಂದ. ನಿಶ್ಮಿತಾಳನ್ನು ಕಂಡು ಅವನ ಮುಖ ಅರಳಿತು, ಮತ್ತೆ ತಟ್ಟನೆ ಬಾಡಿತು. "ಓ, ಮಾಸ್ಟ್ರ ಪುಳ್ಳಿ! ನಾನು ಏನೋ ತಪ್ಪು ಮಾಡಿದ್ದೇನೆ ಅಲ್ವಾ?"

"ನೀವಲ್ಲ ಚೆನ್ನಪ್ಪಣ್ಣ. ತಪ್ಪು ಮಾಡಿದ್ದು ನಾನು. ನಾನು ನಿಮಗೆ ತಪ್ಪು ಹೆಸರು ಕಲಿಸಿದೆ. ನೀವು ನಾನು ಕಲಿಸಿದ್ದನ್ನೇ ಹೇಳಿದ್ದು."

ಅವನು ಅವಳನ್ನೇ ದಿಟ್ಟಿಸಿದ. "ಮಾಸ್ಟ್ರ ಮನೆಯವರಿಗೂ ತಪ್ಪುದುಂಟಾ?" ಎಂದು ಕೇಳಿ, ಎದೆಯ ಮೇಲಿಂದ ಕಲ್ಲು ಸರಿದವನ ಹಾಗೆ ನಕ್ಕ. ಕಮಲ ಆ ನಗುವನ್ನು ಕಂಡಳು. ತಿಂಗಳುಗಟ್ಟಲೆ ಕಾಣದ ನಗು ಅದು. ಅವಳು ಎದ್ದು ಒಳಗೆ ಹೋಗಿ ಚಾ ತಂದಿಟ್ಟಳು. ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು.

ಆ ನಗು ಉಳಿಯುವುದಿಲ್ಲ ಎಂದು ನಿಶ್ಮಿತಾಳಿಗೆ ಗೊತ್ತಿತ್ತು. ಮರುದಿನ ಅವನು ಪುನಃ ಅದನ್ನೇ ಕೇಳಿದ. ಅವಳು ಪುನಃ ಅದನ್ನೇ ಹೇಳಿದಳು. ಬೇರೆಯವರಿಗೆ ತಪ್ಪೊಪ್ಪಿಗೆ ಒಂದು ಸಲದ ಕೆಲಸ. ಅವಳ ಪಾಲಿಗೆ ಅದು ನಿತ್ಯದ ಕೆಲಸವಾಯಿತು, ಪ್ರತಿ ಸಲ ಮೊದಲ ಸಲದಷ್ಟೇ ಮುಖ ಕಪ್ಪಾಗಿಸಿಕೊಂಡು.

ಹೊಸ ಕ್ರಮದಲ್ಲಿ ಕಲಿಸುವಿಕೆ ಮತ್ತೆ ಶುರುವಾಯಿತು. ಈಗ ಪ್ರಶ್ನೆಯೇ ಇಲ್ಲ. ಅಜ್ಜನ ರಕ್ತ ನಾಲಿಗೆಯ ತುದಿಗೆ ಬಂದು 'ಯೋಚನೆ ಮಾಡಿ' ಎನ್ನಲು ತುಡಿಯುವಾಗ ಅವಳು ತುಟಿ ಕಚ್ಚಿಕೊಂಡಳು. ಚೆನ್ನಪ್ಪ ಆಗಾಗ ಗುಣುಗುಣಿಸುತ್ತಿದ್ದ ಒಂದು ಸಾಲನ್ನು ಅವಳು ಹಿಡಿದುಕೊಂಡಳು. ಉಪ್ಪಳ, ಬಂದ್ಯೋಡು, ಶಿರಿಯ, ಆರಿಕ್ಕಾಡಿ, ಕುಂಬಳೆ, ಮೊಗ್ರಾಲ್, ಕಾಸರಗೋಡು. ಅವನ ಬಸ್ಸು ನಿಲ್ಲುವ ಜಾಗಗಳು. ತಲೆ ಒಡೆದರೂ ಆ ರಸ್ತೆ ಒಡೆದಿರಲಿಲ್ಲ. ಒಂದೊಂದು ಸ್ಟಾಪಿನಲ್ಲಿ ಒಬ್ಬೊಬ್ಬ ಹಿರಿಯರನ್ನು ನಿಲ್ಲಿಸಿದಳು.

"ಉಪ್ಪಳ, ದೂಮಜ್ಜ. ನನ್ನ ಹಿಂದೆ ಹೇಳಿ ಚೆನ್ನಪ್ಪಣ್ಣ."

"ಉಪ್ಪಳ, ದೂಮಜ್ಜ. ಟಿಕೆಟ್ ತೆಗೊಂಡಿದ್ದಾನಾ ಅಜ್ಜ?"

"ಹಿರಿಯರಿಗೆ ಫ್ರೀ."

"ಹಾಗಾದ್ರೆ ಸರಿ. ಕಂಡಕ್ಟರ್ ತಕರಾರು ಮಾಡ್ಬಾರ್ದು."

ಕೊನೆಯದನ್ನು ಅವಳು ಒಮ್ಮೆಯೂ ಖಾಲಿ ಬಿಡಲಿಲ್ಲ. "ಕಾಸರಗೋಡು, ಅಪ್ಪ ಉಗ್ಗಪ್ಪ" ಎಂದು ತಾನೇ ಮೊದಲು ಹೇಳಿದಳು. ಅಪ್ಪ ಹೋದದ್ದು ಅವನಿಗೆ ಆಗ ಹೊಸತಾಗಿ ಬಡಿಯುತ್ತಿತ್ತು. ಕಮಲ ಪಕ್ಕದಲ್ಲಿ ಕೂತು ಅವನ ಕೈ ಹಿಡಿಯುತ್ತಿದ್ದಳು. ದಿನ ಕಳೆದ ಹಾಗೆ ಆ ಪೆಟ್ಟಿನ ಹರಿತ ಕಡಿಮೆಯಾಯಿತು, ಹೆಸರು ನಾಲಿಗೆಗೆ ಹತ್ತಿರ ಬಂತು.

ಮುಂದಿನ ಆಟಿಗೆ ಸುಧೀರ ಒಬ್ಬನೇ ಬಂದ. ಪೂಜಾಶ್ರೀ ಬರಲಿಲ್ಲ. ನಿಶ್ಮಿತಾ ಅವನಿಗೆ ಮತ್ತು ದೊಡ್ಡತ್ತೆಗೆ ಮೊದಲೇ ಹೋಗಿ ನಡೆದದ್ದನ್ನು ಹೇಳಿದ್ದಳು. ದೊಡ್ಡತ್ತೆ ವೀಳ್ಯ ಅಗಿಯುತ್ತಾ, "ಈ ಒಂದು ಸಲ ಕರೀಲಿ. ಪುನಃ ತಪ್ಪಿದ್ರೆ ಮತ್ತೆ ಇಲ್ಲ" ಎಂದಿದ್ದಳು. ಸುಧೀರ ಅಣ್ಣನ ಹೆಗಲಿಗೆ ಕೈ ಹಾಕಿ, "ಈ ಸಲ ನನ್ನನ್ನು ಕರೆದ್ರೆ ನಾನು ಕೂತು ತಿಂದೇ ಬಿಡುದು ಅಣ್ಣ, ಆಯ್ತಾ? ಕೋಳಿ ನನಗೇ" ಎ‌ಂದ. ಹಿಂದೆ ನಿಂತು ಸ್ಟಾಪು ಕೂಗುವ ಕಂಡಕ್ಟರನ ಕೆಲಸ ತಾನು ಮಾಡುವುದಾಗಿ ಅವನೇ ಒಪ್ಪಿಕೊಂಡ.

ಒಳಕೋಣೆಯಲ್ಲಿ ಎಲೆಗಳನ್ನು ಕಂಡು ಚೆನ್ನಪ್ಪನ ಹಣೆ ಬೆವರಿತು. ಒಂದು ಹೆಜ್ಜೆ ಹಿಂದಿಟ್ಟ. ಸುಧೀರ ಬೆನ್ನ ಹಿಂದಿನಿಂದ ಮೆಲ್ಲಗೆ ಕೂಗಿದ. "ಉಪ್ಪಳ."

ಚೆನ್ನಪ್ಪ ನಿಂತ. "ಗದ್ದೆಗೆ ನೀರು ತಂದ ದೂಮಜ್ಜ, ಬನ್ನಿ. ಬಂದು ಉಣ್ಣಿ."

ಬಂದ್ಯೋಡು, ಶಿರಿಯ, ಆರಿಕ್ಕಾಡಿ. ತಮ್ಮ ಸ್ಟಾಪು ಕೂಗಿದ ಹಾಗೆ ಅಣ್ಣ ಹಿರಿಯರನ್ನು ಕರೆದ. ಕುಂಬಳೆ, ಮೊಗ್ರಾಲ್. ಕೊನೆಯ ಎಲೆಯ ಮುಂದೆ ಬಂದು ಅವನು ಬಾಯಿ ತೆರೆದ. ಹಳೆಯ ದಾರಿ ಅಲ್ಲೇ ಇತ್ತು, ಕಾಲು ಅತ್ತ ಎತ್ತುವುದರಲ್ಲಿತ್ತು. ಸುಧೀರ ಕಾಯಲಿಲ್ಲ. "ಕಾಸರಗೋಡು, ಅಪ್ಪ ಉಗ್ಗಪ್ಪ" ಎಂದು ಹೆಸರನ್ನೇ ಕೊಟ್ಟ. ನಿಶ್ಮಿತಾ ಹಾಗೆಯೇ ಹೇಳಿಕೊಟ್ಟಿದ್ದಳು.

"ಅಪ್ಪ ಉಗ್ಗಪ್ಪ" ಎಂದ ಚೆನ್ನಪ್ಪ. "ನನ್ನನ್ನು ಹೆಗಲಲ್ಲಿ ಕೂರಿಸಿ ಮಧೂರು ದೇವಸ್ಥಾನಕ್ಕೆ ನಡೆದವರೇ, ಬನ್ನಿ. ಬಂದು ಉಣ್ಣಿ."

ಆ ಮಧೂರಿನ ಮಾತನ್ನು ಯಾರೂ ಕಲಿಸಿರಲಿಲ್ಲ.

ದೊಡ್ಡತ್ತೆ ಮೂಗು ಒರೆಸಿಕೊಂಡು, "ಹೇಳಿಕೊಟ್ಟದ್ದನ್ನು ಹೇಳಿದ, ಅಷ್ಟೇ" ಎಂದು ಗೊಣಗಿದಳು. ಆದರೆ ಮುಂದಿನ ವರ್ಷ ಯಾರು ಕರೆಯುವುದೆಂಬ ಮಾತನ್ನು ಎತ್ತಲಿಲ್ಲ. ಅಜ್ಜನ ಲೆಕ್ಕದಲ್ಲಿ ಹೇಳಿಕೊಟ್ಟ ಉತ್ತರಕ್ಕೆ ಸೊನ್ನೆ ಎಂದು ನಿಶ್ಮಿತಾಳಿಗೂ ಅನಿಸದೆ ಇರಲಿಲ್ಲ. ಈ ಸಲ ಅವಳ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹಿರಿಯರು ಉಣ್ಣುವ ಹೊತ್ತು. ಮಳೆ ಹನಿಯುತ್ತಿತ್ತು. ಚೆನ್ನಪ್ಪ ಸುತ್ತಲೂ ನೋಡಿ, ನಿಶ್ಮಿತಾಳನ್ನು ಕಂಡು ಹತ್ತಿರ ಬಂದ. ಒಳಗೆ ಈಗ ತಾನೇ ನಡೆದದ್ದು ಅವನಿಂದ ಜಾರತೊಡಗಿತ್ತು.

"ಮಾಸ್ಟ್ರ ಪುಳ್ಳೀ" ಎಂದು ದನಿ ತಗ್ಗಿಸಿದ. "ನಾನು ಏನೋ ತಪ್ಪು ಮಾಡಿದ್ದೇನೆ ಅಲ್ವಾ?"

ಸುಧೀರ ಕೇಳಿಸಿಕೊಂಡ, ದೊಡ್ಡತ್ತೆ ಕೇಳಿಸಿಕೊಂಡಳು. ನಿಶ್ಮಿತಾಳ ಮುಖ ಎಲ್ಲರ ಎದುರು ಕೆಂಪಾಯಿತು. "ನೀವಲ್ಲ ಚೆನ್ನಪ್ಪಣ್ಣ. ತಪ್ಪು ಮಾಡಿದ್ದು ನಾನು. ನಾನು ನಿಮಗೆ ತಪ್ಪು ಹೆಸರು ಕಲಿಸಿದ್ದೆ. ಇವತ್ತು ನೀವು ಎಲ್ಲರನ್ನೂ ಸರಿಯಾಗಿ ಕರೆದ್ರಿ."

"ಹೌದಾ? ಮಾಸ್ಟ್ರ ಮನೆಯವರಿಗೂ ತಪ್ಪುದುಂಟಾ?" ಎಂದು ನಕ್ಕು ಅವನು ಮಳೆ ನೋಡುತ್ತಾ ನಿಂತ.

ಕಮಲ ನಿಶ್ಮಿತಾಳನ್ನು ಜಗಲಿಯ ಮೂಲೆಗೆ ಕರೆದಳು. ಒಂದು ವರ್ಷದಲ್ಲಿ ಮೊದಲ ಸಲ ಅವಳ ತಲೆಯ ಮೇಲೆ ಕೈ ಇಟ್ಟಳು. "ಸಾಕು ಮಗಳೇ. ಎಷ್ಟು ಸಲ ಅಂತ ಹೀಗೆ ಜನರ ಎದುರು ತಲೆ ತಗ್ಗಿಸ್ತಿ? ಇನ್ನು ಮೇಲೆ ಅವರು ಕೇಳಿದ್ರೆ ಉತ್ತರ ನಾನು ಹೇಳ್ತೇನೆ. ಇಲ್ಲದಿದ್ರೆ ಸುಧೀರ ಹೇಳ್ತಾನೆ. ನಿನಗೆ ಅಷ್ಟಾದ್ರೂ ಹಗುರ ಆಗ್ಲಿ."

ನಿಶ್ಮಿತಾ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಬೇಡ ಕಮಲಕ್ಕ. ಅವರು ಕೇಳುದು ನನ್ನ ತಪ್ಪನ್ನು. ಎಷ್ಟು ಸಲ ಕೇಳಿದ್ರೂ ನಾನೇ ಹೇಳ್ತೇನೆ. ನೀವು ಹೇಳಿದ್ರೆ ಅದು ಸಮಾಧಾನದ ಮಾತು ಆಗ್ತದೆ, ಅವರಿಗೆ ಬೇಕಾದದ್ದು ಅದಲ್ಲ. ನೀವು ಹೋಗಿ ಬಾಗಿಲು ತೆಗೀರಿ, ಹೊತ್ತಾಯ್ತು. ನಾನು ಅವರ ಹತ್ರ ಇರ್ತೇನೆ. ಈಗ ಪುನಃ ಕೇಳ್ತಾರೆ."